ನಡುವಿನ ಟ್ಯಾಂಕಿನ ವೈನು

ನನ್ನ ಬಾಯಿ ಕೆಟ್ಟದ್ದು. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಕೊಟ್ಟೂರಿನಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿ ಇದೆ. ಅಳತೆ ಕೊಡಲು ಬಂದವರು, "ಹಳೇ ಅಳತಿನೇ ಇರ್ಲಿ ಬಿಡ್ರಿ ಅಕ್ಕಾರ" ಅಂದರೆ, "ಹಳೇ ಅಳತಿ ಇರಾಕ ಹಳೇ ಮೈ ಎಲ್ಲೈತವ್ವಾ?" ಎಂದು ಕೇಳಿಬಿಡುವವಳು ನಾನು. ಸಿಟ್ಟಾಗಿ ಹೋಗುತ್ತಾರೆ. ಬೇರೆ ಕಡೆ ಹೊಲಿಸಿದ ಬ್ಲೌಸಿಗೆ ತೋಳು ತೂರದೆ ಹೋದಾಗ ತಿರುಗಿ ಬರುತ್ತಾರೆ. ಯಥಾರ್ಥವಾದಿ ಲೋಕವಿರೋಧಿ ಎಂಬ ಗಾದೆಯನ್ನು ನನ್ನ ಗಂಡ ದಿನಕ್ಕೊಮ್ಮೆಯಾದರೂ ನನಗೆ ಹೇಳುತ್ತಾರೆ. ಹೇಳಲಿ. ಅವರ ಪ್ಯಾಂಟಿನ ಸೊಂಟವನ್ನು ಪ್ರತಿ ವರ್ಷ ಬಿಚ್ಚಿ ಅಗಲ ಮಾಡಿ ಕೊಡುವವಳೂ ನಾನೇ.

ಈ ಬಾಯಿಯನ್ನೇ ನಂಬಿ ಒಬ್ಬಳು ನನಗೆ ಫೋನ್ ಮಾಡಿದಳು.

"ಲೇ, ಶನಿವಾರ ಐತಾರ ಅಂಗಡಿ ಬಾಗಿಲ ಹಾಕು. ನಿನ್ನ ಹಾಳ ಬಾಯಿ ತಗೊಂಡು ತೋಟಕ್ಕ ಬಾ. ವೈನ್ ರುಚಿ ನೋಡೋದೈತಿ."

ನಮ್ಮ ಕಡೆ 'ವೈನ್ಸ್' ಎಂಬ ಬೋರ್ಡು ಸಣ್ಣ ಸಣ್ಣ ಊರಿನಲ್ಲೂ ಇದೆ. ಅದರೊಳಗೆ ವೈನೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತದೆ. ಜೋಳ, ಮೆಕ್ಕೆಜೋಳ, ಶೇಂಗಾ ಬೆಳೆಯುವ ನೆಲ ಇದು. ಹಗರಿಬೊಮ್ಮನಹಳ್ಳಿಯ ಕಡೆಯವರು ದಾಳಿಂಬೆ ಹಾಕಿದಾಗಲೇ ನಾವು ಬೆರಗಾಗಿ ನೋಡಿದ್ದೆವು. ಅಂಥಲ್ಲಿ ನನ್ನ ಗೆಳತಿಯ ಗಂಡ ದಾಳಿಂಬೆ ಕಿತ್ತು ವೈನ್ ಮಾಡುವ ದ್ರಾಕ್ಷಿ ನೆಟ್ಟರು. ಲೈಸೆನ್ಸಿಗೆ ಓಡಾಡಿ ಓಡಾಡಿ ಅವರ ಮೀಸೆ ಬೆಳ್ಳಗಾಯಿತು. ಕಡೆಗೂ ತೋಟದ ಶೆಡ್ಡಿನಲ್ಲಿ ಮೂರು ಸ್ಟೀಲ್ ಟ್ಯಾಂಕು ನಿಲ್ಲಿಸಿದರು. ಹೋದ ವರ್ಷದ ಬೇಸಿಗೆಯಲ್ಲಿ ನಡುವಿನ ಟ್ಯಾಂಕು ತುಂಬಿಸಿದರು. ತುಂಬಿಸಿದ ಕೆಲವೇ ದಿನಕ್ಕೆ, ಬೆಳಿಗ್ಗೆ ಚಹಾ ಕುಡಿಯುತ್ತಾ ಕೂತವರು ಹಾಗೇ ಒರಗಿಬಿಟ್ಟರು. ಎದೆಬಡಿತ ನಿಂತಿತ್ತು.

ಈ ವರ್ಷದ ಬೆಳೆಯಿಂದ ಉಳಿದೆರಡು ಟ್ಯಾಂಕುಗಳನ್ನು ಅವಳೇ ತುಂಬಿಸಿದ್ದಳು. ಫೋನಿನಲ್ಲಿ ಅವಳು ಹೇಳಿದ್ದು ಇಷ್ಟು: ಸೋಮವಾರ ಬಾಟಲಿ ತುಂಬುವ ಗಾಡಿ ಬರುತ್ತದೆ. ಮೊದಲು ತುಂಬಿಸುವುದು ನಡುವಿನ ಟ್ಯಾಂಕಿನದು, ಅದಕ್ಕೆ ಅಂಟಿಸುವ ಲೇಬಲ್ ಕೂಡ ಬಂದಿದೆ. ಹೊಸಪೇಟೆಯ ಹೋಟೆಲಿನವರು ಆ ಮೊದಲ ಪೆಟ್ಟಿಗೆಯ ರುಚಿ ನೋಡಿಯೇ ಮುಂದಿನ ಮಾತು ಅಂದಿದ್ದಾರೆ.

"ಅವ್ರು ಮಾಡಿದ್ದು ಚಲೋ ಐತೋ ಇಲ್ಲೋ ನನಗೊಬ್ರು ಹೇಳಬೇಕು. ನನ್ನ ನಾಲಿಗಿ ಮ್ಯಾಲ ನನಗ ನಂಬಿಕಿ ಇಲ್ಲ. ಚಲೋ ಇಲ್ಲಂದ್ರ ಹೆಸರು ಹಾಳಕ್ಕೈತಿ, ಅವ್ರದೂ ನಂದೂ."

"ನಾ ಹೇಳ್ತೀನಿ ಬಿಡು. ಕಡ್ಡಿ ಮುರದಂಗ ಹೇಳ್ತೀನಿ" ಅಂದೆ. ಎಷ್ಟು ಸಲೀಸಾಗಿ ಅಂದೆ ನೋಡಿ.

ನಾವು ನಾಲ್ವರು ಪಿಯುಸಿಯಲ್ಲಿ ಒಂದೇ ಬೆಂಚಿನವರು. ತೋಟದವಳ ಬಗ್ಗೆ ಹೇಳಿದ್ದಾಯಿತು, ಅವಳು ಉಳಿದಿಬ್ಬರನ್ನೂ ಕರೆದಿದ್ದಳು. ಇನ್ನೊಬ್ಬಳು ಕೂಡ್ಲಿಗಿಯವಳು. ಗಂಡನ ಗ್ಯಾರೇಜನ್ನೂ ಮನೆಯ ಕಾರನ್ನೂ ಒಂದೇ ಕೈಯಲ್ಲಿ ಓಡಿಸುವವಳು, ಐದು ಹೊತ್ತಿನ ನಮಾಜು ತಪ್ಪಿಸದವಳು. ಮೂರನೆಯವಳು ಹರಪನಹಳ್ಳಿಯ ಹೈಸ್ಕೂಲ್ ಮೇಡಂ. ಅವಳ ಊರನ್ನು ಸರ್ಕಾರ ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಸೇರಿಸುತ್ತಲೇ ಬಂದಿದ್ದರಿಂದ, ಬಳ್ಳಾರಿ, ದಾವಣಗೆರೆ, ವಿಜಯನಗರ ಎಂದು ಕೂತಲ್ಲೇ ಕೂತು ಮೂರು ಜಿಲ್ಲೆ ಸುತ್ತಿ ಬಂದವಳು ಎಂದು ನಾವು ಅವಳನ್ನು ಕಾಡುತ್ತೇವೆ. ಅವಳ ಮನೆಯಲ್ಲಿ ಈರುಳ್ಳಿಗೂ ಬೆಳ್ಳುಳ್ಳಿಗೂ ವಾರ ನೋಡಿ ಪ್ರವೇಶ.

ಮನೆಯಲ್ಲಿ ಏನು ಹೇಳಿ ಬಂದಿರಿ ಎಂದು ಕೇಳಿದೆ. ಮೇಡಂ ಅತ್ತೆಗೆ ಇಲಾಖೆಯ ತರಬೇತಿ ಎಂದಿದ್ದಳು. ಕೂಡ್ಲಿಗಿಯವಳು ದ್ರಾಕ್ಷಿ ತೋಟ ನೋಡಲು ಎಂದಿದ್ದಳು, ಅದು ಸುಳ್ಳಲ್ಲ ಎಂದು ನಮಗೆ ಮೂರು ಸಲ ಹೇಳಿದಳು. ನಾನು ಮಾತ್ರ ಗಂಡನಿಗೆ, "ವೈನ್ ಕುಡ್ಯಾಕ ಹೊಂಟೀನ್ರೀ" ಎಂದು ನೆಟ್ಟಗೆ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬರುವಾಗ ನನಗೂ ಒಂದು ಕ್ವಾರ್ಟರ್ ತಾ ಅಂದರು. ನಿಜ ಹೇಳಿದರೆ ಯಾರೂ ನಂಬುವುದಿಲ್ಲ, ಅದೇ ನನ್ನ ಅನುಕೂಲ.

ಶನಿವಾರ ಮಧ್ಯಾಹ್ನ ಮೇಡಂ ಬಸ್ಸಿನಲ್ಲಿ ಕೊಟ್ಟೂರಿಗೆ ಬಂದಿಳಿದಳು. ಕೂಡ್ಲಿಗಿಯಿಂದ ಕಾರು ಬಂತು. ಕೊಟ್ಟೂರಿಗೆ ಬಂದು ಮಿರ್ಚಿ ಮಂಡಕ್ಕಿ ತಿನ್ನದೆ ಹೋಗುವುದುಂಟೇ? ಪೇಪರಿನ ಮೇಲೆ ಖಾರ ಮಂಡಕ್ಕಿ, ಜೊತೆಗೆ ಎಣ್ಣೆ ಸೋರುವ ಮೆಣಸಿನಕಾಯಿ ಬಜ್ಜಿ. ತಿಂದೆವು, ಕಣ್ಣಲ್ಲಿ ನೀರು ಬರುವ ತನಕ ತಿಂದೆವು. ದಾರಿಗೆಂದು ಇನ್ನೊಂದು ಪೊಟ್ಟಣ ಕಟ್ಟಿಸಿದೆವು. ಅಷ್ಟರಲ್ಲಿ ಬುಟ್ಟಿಯಲ್ಲಿ ಹಡಗಲಿ ಮಲ್ಲಿಗೆ ಇಟ್ಟುಕೊಂಡವಳೊಬ್ಬಳು ಕಂಡಳು. ಮೇಡಂ ಹಿಂದೆಮುಂದೆ ನೋಡದೆ, "ನಾಲ್ಕು ಮಂದಿಗೆ ಕೊಡಮ್ಮ" ಅಂದಳು. ನಾಲ್ಕು ತುಂಡು ದಂಡೆ ಅವಳ ಕೈಗೆ ಬಂದವು. ಕಾರಿನಲ್ಲಿ ಕೂತ ಮೇಲೆ ಮೂರು ಹಂಚಿಕೆಯಾಯಿತು. ನಾಲ್ಕನೆಯದು ಕೈಯಲ್ಲೇ ಉಳಿಯಿತು.

ಮೇಡಂ ಆ ದಂಡೆಯನ್ನು ಹಲ್ಲಿನಿಂದ ಕಡಿದು ಮೂರು ಮಾಡಿ ನಮ್ಮ ತಲೆಗೇ ಮುಡಿಸಿದಳು. ಗಂಡ ಇಲ್ಲದವಳಿಗೆ ಹೂವು ಕೊಡುವುದೋ ಬಿಡುವುದೋ, ಕೊಟ್ಟರೆ ನೋವಾಗುವುದೋ ಬಿಟ್ಟರೆ ನೋವಾಗುವುದೋ, ನಮಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಬಾಯಿ ಬಿಟ್ಟು ಹೇಳಲೂ ಆಗಲಿಲ್ಲ. ಹೀಗೆ ತಲೆ ತುಂಬ ಹೂವು, ಬಾಯಿ ತುಂಬ ಖಾರ ಹೊತ್ತುಕೊಂಡು ನಾವು ವೈನಿನ ರುಚಿ ನೋಡಲು ಹೊರಟೆವು.

ತೋಟ ಹಗರಿಬೊಮ್ಮನಹಳ್ಳಿ ದಾಟಿ ಸ್ವಲ್ಪ ದೂರ. ಸುತ್ತ ಮೆಕ್ಕೆಜೋಳದ ಹೊಲ, ನಡುವೆ ತಂತಿಯ ಮೇಲೆ ಕೈಚಾಚಿದ ದ್ರಾಕ್ಷಿ ಸಾಲು. ತೋಟದವಳು ಗೇಟಿನಲ್ಲೇ ನಿಂತಿದ್ದಳು. ತೆಳ್ಳಗಾಗಿದ್ದಳು, ಬ್ಲೌಸು ಭುಜದ ಮೇಲೆ ನಿಲ್ಲುತ್ತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ, "ಇದೇನ್ ಹ್ಯಾಂಗರಿಗೆ ಹಾಕಿದಂಗೈತಿ" ಅನ್ನುತ್ತಿದ್ದೆ. ಅನ್ನಲಿಲ್ಲ. ಅವಳ ಕಣ್ಣು ನಮ್ಮ ಮೂರೂ ತಲೆಗಳ ಮೇಲೆ, ದಂಡೆಯ ಪಕ್ಕ ಸಿಕ್ಕಿಸಿದ್ದ ತುಂಡುಗಳ ಮೇಲೆ ಒಮ್ಮೆ ಹಾಯ್ದು ಹೋಯಿತು.

ಅವಳ ಗಂಡನ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಬಂಗಾರದಂಥ ಮನುಷ್ಯ. ಆದರೆ ಆ ಮಹಾರಾಯರು ಹುಟ್ಟಿದಾಗಿನಿಂದ ಯಾವ ಡಬ್ಬಿಗೂ ಮುಚ್ಚಳ ಹಾಕಿದವರಲ್ಲ. ಸಕ್ಕರೆ ಡಬ್ಬಿ ತೆಗೆದರೆ ಇರುವೆಗೆ ಹಬ್ಬ. ಕೊಬ್ಬರಿ ಎಣ್ಣೆ ಬಾಟಲಿ ಉರುಳಿ ಹಾಸಿಗೆಯೆಲ್ಲ ಎಣ್ಣೆ. ಒಮ್ಮೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಂಕಿನಲ್ಲೇ ಬಿಟ್ಟು ಹರಪನಹಳ್ಳಿ ತನಕ ಮೋಟರ್ ಸೈಕಲ್ ಓಡಿಸಿಕೊಂಡು ಹೋಗಿದ್ದರು. "ನಾ ಅವ್ರ ಹೆಂಡ್ತಿ ಅಲ್ಲ, ಅವ್ರ ಮುಚ್ಚಳ" ಎಂದು ಇವಳು ಹೇಳುತ್ತಿದ್ದಳು. ನಾವು ನಾಲ್ವರು ಸೇರಿದರೆ ಮೊದಲ ನಗು ಆ ಮುಚ್ಚಳದ್ದೇ. ಅವರೂ ಬಾಗಿಲಲ್ಲಿ ನಿಂತು ನಗುತ್ತಿದ್ದರು. ಅವರು ಹೋದ ಮೇಲೆ ಆ ಮಾತನ್ನು ಯಾರೂ ಎತ್ತಿರಲಿಲ್ಲ. ಸತ್ತವರೆಲ್ಲ ದೇವರಾಗುತ್ತಾರೆ, ದೇವರಿಗೆ ಚೇಷ್ಟೆ ಮಾಡುವುದು ಹೇಗೆ?

ಸಂಜೆ ಶೆಡ್ಡಿನೊಳಗೆ ಮೇಜು ಹಾಕಿ ಬಿಳಿ ಬಟ್ಟೆ ಹಾಸಿದ್ದಳು. ವೈನಿಗೆಂದೇ ಇರುವ ಕಾಲಿನ ಗ್ಲಾಸುಗಳನ್ನು ತರಿಸಿದ್ದಳಂತೆ. ಪಾರ್ಸಲ್ ಬಿಚ್ಚಿದರೆ ಒಂದನ್ನು ಬಿಟ್ಟು ಎಲ್ಲವೂ ಪುಡಿ.

"ಒಂದ ಗ್ಲಾಸಿನಾಗ ನಡೀತೈತಲ್ಲ?" ಅಂದಳು.

"ನಡೀದೇನು? ಕಾಲೇಜಿನಾಗ ಒಂದ ಬಾಟ್ಲಿ ನೀರು ನಾಲ್ಕು ಮಂದಿ ಕುಡಿತಿದ್ದಿಲ್ಲೇನು?" ಅಂದಳು ಕೂಡ್ಲಿಗಿಯವಳು. ಅವಳು ತನ್ನ ಪಾಲಿಗೆ ನಿಂಬೆ ಶರಬತ್ತಿನ ಬಾಟಲಿಯನ್ನು ಮನೆಯಿಂದಲೇ ತಂದಿದ್ದಳು.

ಮೇಡಂ ಎದ್ದು ನಿಂತಳು. ಮೊಬೈಲಿನಲ್ಲಿ ವೈನಿನ ವಿಡಿಯೋಗಳನ್ನೆಲ್ಲ ನೋಡಿ ಬಂದಿದ್ದಳು, ಪಾಠ ಮಾಡದೆ ಬಿಡುವಳೇ? "ಮೊದಲು ಬಣ್ಣ ನೋಡ್ಬೇಕು. ಆಮೇಲೆ ಗ್ಲಾಸು ತಿರುವಬೇಕು. ಆಮೇಲೆ ಮೂಗು ಒಳಗಿಟ್ಟು ವಾಸನೆ ನೋಡ್ಬೇಕು. ಆಮೇಲೆ ಸ್ವಲ್ಪ ಬಾಯಿಗೆ ಹಾಕ್ಕೊಂಡು, ಮುಕ್ಕಳಿಸಿ, ಬಕೀಟಿಗೆ ಉಗುಳಬೇಕು. ನುಂಗಂಗಿಲ್ಲ."

"ಏನಂದಿ? ಕೊಟ್ಟಾಕಿ ಮುಂದ ನಿಂತು ಉಗುಳೋದಾ?" ಅಂದೆ.

"ಪದ್ಧತಿ ಹಂಗೈತೆ ಕಣಮ್ಮ."

ಮೊದಲ ಟ್ಯಾಂಕಿನದು ಬಿಳಿ ವೈನು. ಮೇಡಂ ಗ್ಲಾಸು ಎತ್ತಿ ಹಿಡಿದು ಬಣ್ಣ ನೋಡಿದಳು. ತಿರುವಿದಳು. ಅದರಲ್ಲಿ ಸ್ವಲ್ಪ ಅವಳ ಸೀರೆಗೂ ಹೋಯಿತು. ಆಮೇಲೆ ಪಾಠವೆಲ್ಲ ಎಲ್ಲಿ ಹೋಯಿತೋ, ಕತ್ತು ಹಿಂದಕ್ಕೆ ಮಾಡಿ, ಬಾಯಿ ಆ ಎಂದು ತೆಗೆದು, ಗ್ಲಾಸನ್ನು ಒಂದು ಗೇಣು ಮೇಲೆ ಎತ್ತಿ, ಧಾರೆಯಾಗಿ ಗಂಟಲಿಗೆ ಸುರಿದುಕೊಂಡು ಗಟಗಟ ನುಂಗಿಬಿಟ್ಟಳು.

ಒಂದೇ ಗ್ಲಾಸು, ಎಂಜಲು ಮಾಡಬಾರದು. ನಾಲ್ಕು ಜನ ಒಂದು ತಂಬಿಗೆಯ ನೀರು ಕುಡಿಯುವುದು ನಮ್ಮಲ್ಲಿ ಹೀಗೇ. ಅವಳನ್ನು ನೋಡಿ ನಾನು ನಗಬಹುದಿತ್ತು. ಆದರೆ ನನ್ನ ಸರದಿ ಬಂದಾಗ ನಾನೂ ಹಾಗೇ ಎತ್ತಿ ಸುರಿದುಕೊಂಡೆ. ಕೈ ತಾನಾಗಿ ಮೇಲೆ ಹೋಯಿತು. ಬಾಯಲ್ಲಿ ಮೆಣಸಿನಕಾಯಿಯ ಉರಿ ಇನ್ನೂ ಇತ್ತು, ಅದರ ಮೇಲೆ ತಣ್ಣಗೆ ಏನೋ ಇಳಿಯಿತು. ಉರಿ ಹೋಯಿತಲ್ಲ ಎಂದು ಹಿತವಾಯಿತು. ರುಚಿ? ದೇವರಾಣೆ ಗೊತ್ತಾಗಲಿಲ್ಲ. ವಾಸನೆ ಕೇಳಿದರೆ, ಮಲ್ಲಿಗೆ. ಆ ಶೆಡ್ಡಿನಲ್ಲಿ ಆ ಹೊತ್ತಿಗೆ ಏನನ್ನು ಮೂಸಿದರೂ ಮಲ್ಲಿಗೆಯೇ.

"ಹೆಂಗೈತಿ?" ಅಂದಳು ತೋಟದವಳು.

"ಚಲೋ ಐತಿ" ಅಂದೆ. ಮೇಡಂ, "ಹೂವಿನ ಪರಿಮಳ ಐತೆ" ಅಂದಳು, ಬಹಳ ತಿಳಿದವಳ ಹಾಗೆ. ಪರಿಮಳ ಅವಳ ಜಡೆಯಲ್ಲೇ ಇತ್ತು.

ಆಮೇಲೆ ನಡುವಿನ ಟ್ಯಾಂಕು. ತೋಟದವಳು ಮೊದಲ ಟ್ಯಾಂಕಿಗೆ ಮಾಡಿದ ಹಾಗೆ ದಡದಡ ಹೋಗಿ ನಲ್ಲಿ ತಿರುವಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಹೋದಳು. ಅಷ್ಟು ಕೆಂಪು ಬಣ್ಣ ನಾನು ಕಂಡಿರಲಿಲ್ಲ. ಅವಳು ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ತಂದು, ಮೊದಲು ಮೇಡಂಗೆ ಕೊಟ್ಟಳು. ಮೇಡಂ ಎತ್ತಿ ಸುರಿದುಕೊಂಡಳು, ಮುಖ ಒಂದು ಕ್ಷಣ ಹಿಂಡಿದಂತಾಯಿತು, "ಸ್ಟ್ರಾಂಗ್ ಐತೆ, ಬಹಳ ಚೆನ್ನಾಗೈತೆ" ಅಂದಳು. ನಾನೂ ಸುರಿದುಕೊಂಡೆ. ಗಂಟಲು ಕೊರೆದ ಹಾಗಾಯಿತು. ಮೆಣಸಿನಕಾಯಿಯದೇ ಇರಬೇಕು ಅಂದುಕೊಂಡೆ. ಅಂದುಕೊಳ್ಳಲು ಅದು ಅನುಕೂಲವಾಗಿತ್ತು.

"ನೀ ಹೇಳು" ಅಂದಳು ನನ್ನನ್ನೇ ನೋಡಿ.

"ಚಲೋ ಐತಿ."

"ಖರೇ?"

"ಖರೇ ಅಂದ್ರ ಖರೇ. ಏನ್ ಬಾಂಡ್ ಪೇಪರ್ ಮ್ಯಾಲ ಬರಕೊಡ್ಲೇನು?"

ಆಗ ಕೂಡ್ಲಿಗಿಯವಳು ಕೈ ಚಾಚಿದಳು. "ಇಲ್ಲಿ ಕೊಡ್ರಿ. ಕುಡ್ಯಂಗಿಲ್ಲ ನಾನು. ಮೂಸಬ್ಯಾಡ ಅಂತ ಯಾರೂ ಹೇಳಿಲ್ಲಲ್ಲ." ದಂಡೆ ತೆಗೆದು ಮೇಜಿನ ಆ ತುದಿಗಿಟ್ಟಳು. ಗ್ಲಾಸಿನಲ್ಲಿ ಉಳಿದದ್ದನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದಳು. ನಮ್ಮ ಮೂವರಲ್ಲಿ ಮೇಡಂ ಹೇಳಿದ್ದನ್ನು ಸರಿಯಾಗಿ ಮಾಡಿದವಳು ಅವಳೊಬ್ಬಳೇ. ಕಣ್ಣು ತೆರೆದಳು. "ಮಾಶಾಲ್ಲಾ, ಬಣ್ಣ ಚಂದೈತಿ" ಅಂದಳು. ಮೇಜಿನ ಕೆಳಗೆ ನನ್ನ ಕಾಲನ್ನು ಎಷ್ಟು ಜೋರಾಗಿ ತುಳಿದಳೆಂದರೆ ಕಿರುಬೆರಳು ಮರುದಿನವೂ ನೋಯುತ್ತಿತ್ತು.

ರೊಟ್ಟಿ ಬಡಿಯಲು ಅಡುಗೆಮನೆಗೆ ಬಂದೆವು. ತೋಟದವಳು ಮೊಸರು ತರಲು ಪಕ್ಕದ ತೋಟಕ್ಕೆ ಹೋದದ್ದೇ ತಡ, ಕೂಡ್ಲಿಗಿಯವಳು ಬಾಗಿಲು ಓರೆ ಮಾಡಿದಳು.

"ಹುಳಿ ಹೊಡದೈತಿ ಲೇ ಅದು. ಗೋಬಿ ಮಂಚೂರಿ ಗಾಡಿ ಮುಂದ ನಿಂತಂಗಾತು ನನಗ. ಅದೇ ವಾಸನಿ, ಆ ಬಿಳೀ ಬಾಟ್ಲೀದು."

"ವಿನೆಗರ್ರಾ?" ಅಂದಳು ಮೇಡಂ.

"ಅದ."

ಮೇಡಂ ಹಿಟ್ಟಿನ ಕೈಯಲ್ಲೇ ಹಣೆ ಮುಟ್ಟಿಕೊಂಡಳು. "ನನಗೂ ಹಂಗೇ ಅನಿಸ್ತು. ಆದ್ರೆ ಪಾಪ, ಅವರು ಕಡೇದಾಗಿ ಮಾಡಿದ್ದು ಅದು. ಆಕಿ ಮುಖ ನೋಡಿದ್ರೆ ಬಾಯಿ ಬರಲಿಲ್ಲ."

"ಹೇಳಬೇಕಲ್ಲ ಯಾರರ."

ಇಬ್ಬರೂ ನನ್ನ ಕಡೆ ತಿರುಗಿದರು. ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ಬಂದಾಗ ಎಲ್ಲರಿಗೂ ನನ್ನ ಬಾಯಿ ನೆನಪಾಗುತ್ತದೆ. ಮಿಕ್ಕ ದಿನ ಅದೇ ಬಾಯಿಗೆ ಬೈಗುಳ. ನನಗೆ ಸಿಟ್ಟು ಬಂತು. ಬಂದದ್ದು ಅವರ ಮೇಲಲ್ಲ. ಊರಿಗೆಲ್ಲ ಎದ್ದು ಎದೆಗೆ ಒದ್ದಂತೆ ಮಾತಾಡುವವಳು ನಾನು, ಇವಳೊಬ್ಬಳ ಮುಂದೆ ಬೆಣ್ಣೆಯಾಗಿ ಕೂತಿದ್ದೆನಲ್ಲ! ಅವಳು ಅಳುತ್ತಾಳೆ ಎಂಬ ಹೆದರಿಕೆ. ಅವಳ ಗಂಡನ ಕೈಯ ಕೊನೆಯ ಕೆಲಸಕ್ಕೆ ಕೆಟ್ಟಿದೆ ಎನ್ನಲು ಬಾಯಿ ಹೇಗೆ ಬರಬೇಕು? ಹೇಳದಿದ್ದರೆ ಸೋಮವಾರ ಅದು ಬಾಟಲಿಗೆ ಹೋಗುತ್ತದೆ. ಹೊಸಪೇಟೆಯವರು ಒಂದು ಗುಟುಕು ಕುಡಿದು ಮುಖ ಕಿವುಚುತ್ತಾರೆ, ಅವಳು ಮಾಡಿದ ಉಳಿದೆರಡೂ ಟ್ಯಾಂಕುಗಳನ್ನು ಮೂಸಿಯೂ ನೋಡುವುದಿಲ್ಲ. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು, ನುಂಗುವಂತಿಲ್ಲ ಉಗುಳುವಂತಿಲ್ಲ.

ಊಟಕ್ಕೆ ಕೂತಾಗ ಅವಳು ಲೇಬಲ್ ತಂದು ತೋರಿಸಿದಳು. ಬಿಳಿ ಕಾಗದದ ಮೇಲೆ ಬರೀ ಒಂದು ಮೀಸೆಯ ಚಿತ್ರ, ತುದಿ ಸ್ವಲ್ಪ ಮೇಲಕ್ಕೆ ತಿರುವಿದ್ದು. ಯಾರದೆಂದು ಕೇಳಬೇಕಾಗಿರಲಿಲ್ಲ. ಮೇಡಂ ಲೇಬಲ್ಲಿಗೆ ಕೈ ಮುಗಿದಳು, ಮೀಸೆಗೆ ಕೈ ಮುಗಿದದ್ದನ್ನು ನಾನು ಅದೇ ಮೊದಲು ನೋಡಿದ್ದು. ಬದನೆಕಾಯಿ ಎಣ್ಣೆಗಾಯಿ ಬಹಳ ರುಚಿಯಾಗಿತ್ತು. ನನಗೆ ಒಂದು ರೊಟ್ಟಿಯ ಮೇಲೆ ಹೋಗಲಿಲ್ಲ.

"ಯಾಕ ಲೇ, ಉಣವಲ್ಲಿ?" ಅಂದಳು ತೋಟದವಳು.

"ಮಿರ್ಚಿ ಹೆಚ್ಚಾತು" ಅಂದೆ. ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿ ತನ್ನ ತಟ್ಟೆಗೆ ತಿರುಗಿದಳು.

ಭಾನುವಾರ ಬೆಳಿಗ್ಗೆ ಬೇಗ ಎದ್ದೆ. ಹಲ್ಲುಜ್ಜಿ, ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಬಾಡಿದ ಹೂವು ತೆಗೆದು ಕಿಟಕಿಯಲ್ಲಿಟ್ಟು ಶೆಡ್ಡಿಗೆ ಹೋದೆ. ಅವಳು ಆಗಲೇ ಅಲ್ಲಿದ್ದಳು, ನಡುವಿನ ಟ್ಯಾಂಕಿನ ಮುಂದೆ ಕುರ್ಚಿ ಹಾಕಿಕೊಂಡು.

"ಹಾಕು ಒಂದೀಟು" ಅಂದೆ.

ಹಾಕಿಕೊಟ್ಟಳು. ಈ ಸಲ ಗ್ಲಾಸನ್ನು ಎತ್ತಲಿಲ್ಲ. ಮೂಗನ್ನು ಒಳಗೆ ತೂರಿಸಿ ಉಸಿರೆಳೆದೆ. ಅಯ್ಯೋ ಶಿವನೇ! ಕೂಡ್ಲಿಗಿಯವಳ ಗೋಬಿ ಗಾಡಿ ಸುಳ್ಳಾಗಿರಲಿಲ್ಲ. ಅದರ ಹಿಂದೆಯೇ ಉಗುರು ಬಣ್ಣ ಅಳಿಸುವ ನೀರಿನ ಘಾಟು. ತುಟಿ ಮುಟ್ಟಿಸಿ ಒಂದು ಗುಟುಕು ಬಾಯಿಗೆ ಹಾಕಿದೆ, ದವಡೆ ಜುಮ್ಮೆಂದಿತು. ಪಕ್ಕದಲ್ಲಿ ಬಕೀಟಿತ್ತು. ಉಗುಳಿದೆ. ಅವಳ ಮುಂದೆಯೇ ಉಗುಳಿದೆ.

"ಹೇಳು" ಅಂದಳು.

"ಹಾಳಾಗೈತಿ. ಇದು ವೈನಲ್ಲ, ಹುಳಿ ನೀರು. ಇದನ್ನ ಬಾಟ್ಲಿಗೆ ಹಾಕಿದ್ಯೋ, ಆ ಮೀಸಿ ಮ್ಯಾಲ ಮಂದಿ ಉಗುಳ್ತಾರ. ನೆಟ್ಟಗ ಹೇಳ್ತೀನಿ ಕೇಳು. ಇದನ್ನ ಬಿಡು, ನೀ ಮಾಡಿದ್ದನ್ನ ತುಂಬಿಸು."

ಅವಳು ಅಳುತ್ತಾಳೆಂದು ಕಾದೆ. ಅವಳು ಎದ್ದು ನಿಂತು ನನಗೇ ಬಯ್ಯಲು ಶುರು ಮಾಡಿದಳು.

"ನಿನ್ನೆ ಯಾಕ ಹೇಳ್ಲಿಲ್ಲ? ನಿನ್ನೆ ಏನಾಗಿತ್ತು ನಿನ್ನ ಬಾಯಿಗೆ? ಲಕ್ವಾ ಹೊಡದಿತ್ತೇನು? ಆ ಟೀಚರಮ್ಮ ಸ್ಟ್ರಾಂಗ್ ಅಂತಾಳ, ಆ ಕೂಡ್ಲಿಗಿಯಾಕಿ ಬಣ್ಣ ಚಂದೈತಿ ಅಂತಾಳ, ನೀ ಖರೇ ಅಂದ್ರ ಖರೇ ಅಂತಿ! ಹಂಗ್ಯಾಕ ಮಾಡ್ತೀರಿ ನೀವು? ಅವ್ರು ಹೋದಾಗಿಂದ ಎಲ್ಲಾರೂ ನನ್ನ ಮುಂದ ತುದಿಗಾಲ ಮ್ಯಾಲ ನಡೀತೀರಿ. ಪಲ್ಯಕ್ಕ ಉಪ್ಪ ಹಾಕೋದು ಮರತ್ರೂ ಚಲೋ ಐತಿ ಅಂತೀರಿ. ನನ್ನ ಹೂವು ಮೂರು ಮಂದಿ ಹಂಚಿ ಮುಡ್ಕೊಂಡು ಬಂದೀರಿ, ನನಗ ಕಾಣಂಗಿಲ್ಲೇನು? ಕೊಡೂದಾದ್ರ ಕೊಡ್ರಿ, ಬಿಡೂದಾದ್ರ ಬಿಡ್ರಿ, ಬಾಯಿ ಬಿಟ್ಟು ಕೇಳ್ರಿ! ನನಗ ಒಬ್ಬರರ ಬೈಯೋರು ಬೇಕಾಗ್ಯಾರ."

ಗದ್ದಲ ಕೇಳಿ ಉಳಿದಿಬ್ಬರೂ ಬಾಗಿಲಿಗೆ ಓಡಿಬಂದರು. ಮೇಡಂ ಬಾಯಲ್ಲಿ ಬ್ರಷ್ ಇತ್ತು. ನಾನು ಇಂಗು ತಿಂದ ಮಂಗನಂತೆ ನಿಂತಿದ್ದೆ. ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ನನಗೆ ನಾಚಿಕೆಯಾಯಿತು. ಜೊತೆಗೆ, ಹೇಳಬಾರದು, ಸಂತೋಷವೂ ಆಯಿತು. ನನ್ನ ಗೆಳತಿ ಇಷ್ಟು ಜೋರಾಗಿ ಕೂಗಿ ವರ್ಷದ ಮೇಲಾಗಿತ್ತು.

ಬೈದು ಸುಸ್ತಾಗಿ ಅವಳು ಟ್ಯಾಂಕಿಗೆ ಕೈ ಊರಿ ನಿಂತಳು. ದನಿ ಇಳಿದಿತ್ತು. "ಆದ್ರ ಹುಳಿ ಹೆಂಗ ಹೊಡೀತು? ಗಾಳಿ ಹೋದ್ರಷ್ಟ ಹಂಗಾಗೋದು. ಇದಕ್ಕ ಗಾಳಿ ಹೋಗಾಕ ಸಾಧ್ಯನ ಇಲ್ಲ. ನಾ ಯಾರಿಗೂ ಮ್ಯಾಲ ಹತ್ತಾಕ ಬಿಟ್ಟಿಲ್ಲ. ಅವ್ರ ಕೈಯಾರೆ ಮುಚ್ಚಿದ್ದು, ಹಂಗ ಇರ್ಲಿ ಅಂತ."

ಬಾಯಿ ತಡೆಯಲಿಲ್ಲ. "ಯಾರು? ನಿಮ್ಮನಿಯವ್ರು? ಮುಚ್ಚಿದ್ದು?"

ಕೂಡ್ಲಿಗಿಯವಳು "ಯಾ ಅಲ್ಲಾ" ಎಂದು ಬಾಯಿಗೆ ಕೈ ಅಡ್ಡ ಹಿಡಿದಳು. ಮೇಡಂ ಬ್ರಷ್ ಹಲ್ಲಿನಲ್ಲೇ ಕಚ್ಚಿಕೊಂಡಳು. ಸತ್ತವರ ಚೇಷ್ಟೆ ಮಾಡಿಬಿಟ್ಟಿದ್ದೆ. ನಾಲಿಗೆ ಕಡಿದುಕೊಂಡರೂ ಮಾತು ಹೊರಗೆ ಬಿದ್ದಾಗಿತ್ತು.

ತೋಟದವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಟ್ಯಾಂಕಿನ ಮೇಲ್ತುದಿ ನೋಡಿದಳು. ಗೋಡೆಗೆ ಒರಗಿಸಿದ್ದ ಕಬ್ಬಿಣದ ಏಣಿ ಎಳೆದು ತಂದಳು. ನಾನೂ ಕೂಡ್ಲಿಗಿಯವಳೂ ಏಣಿ ಹಿಡಿದೆವು. ಸೀರೆ ಎತ್ತಿ ಕಟ್ಟಿ ಹತ್ತಿದಳು. ತುದಿಯಲ್ಲಿ ನಿಂತು ಕೈ ಚಾಚಿ ಮುಚ್ಚಳ ಮುಟ್ಟಿದಳು.

ಕೆಳಗಿನಿಂದ ನಮಗೆ ಅವಳ ಹಿಮ್ಮಡಿ ಮಾತ್ರ ಕಾಣುತ್ತಿತ್ತು.

"ಏನಾತು?" ಎಂದು ಕೂಗಿದೆ.

"ಸುಮ್ಮನ ಮ್ಯಾಲಿಟ್ಟಾರ" ಅಂದಳು. "ಬಿಗಿಯೋ ಕ್ಲಿಪ್ಪು ಹಾಕೇ ಇಲ್ಲ. ಒಂದೂ ಹಾಕಿಲ್ಲ."

ಏಣಿ ಅಲುಗತೊಡಗಿತು. ಬೀಳುತ್ತಾಳೆಂದು ನಾನು ಗಟ್ಟಿಯಾಗಿ ಹಿಡಿದೆ. ಪಕ್ಕಕ್ಕೆ ವಾಲಿ ಕತ್ತೆತ್ತಿ ನೋಡಿದರೆ ಅವಳು ನಗುತ್ತಿದ್ದಳು. ಟ್ಯಾಂಕಿಗೆ ಹಣೆ ಹಚ್ಚಿ ನಗುತ್ತಿದ್ದಳು, ನಕ್ಕು ನಕ್ಕು ಕಣ್ಣೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು. "ಎಷ್ಟ್ ಸಲ ಹೇಳೀನಿ ನಿಮಗ! ಎಷ್ಟ್ ಸಲ ಬಡಕೊಂಡೀನಿ! ಹೋಗೋ ಹೊತ್ತಿನಾಗರ ಒಂದ್ ಸಲ ಮುಚ್ಚಳ ಹಾಕಬಾರದಾಗಿತ್ತಾ? ಏನ್ ಮನುಷ್ಯಾ ನೀವು? ವರ್ಷದ ಮ್ಯಾಲಾತು, ದೇವ್ರ ಗುಡಿಯಂಗ ಇಟ್ಟೀನಿ ಇದನ್ನ ನಾನು!"

ಅವರು ಎದುರಿಗೆ ನಿಂತಿದ್ದ ಹಾಗೆ ಬಯ್ದಳು. ಸಕ್ಕರೆ ಡಬ್ಬಿ, ಎಣ್ಣೆ ಬಾಟಲಿ, ಪೆಟ್ರೋಲ್ ಟ್ಯಾಂಕು, ಒಂದನ್ನೂ ಬಿಡಲಿಲ್ಲ. ಕೆಳಗೆ ನಾವು ಮೂವರೂ ಏಣಿ ಹಿಡಿದು ನಗುತ್ತಿದ್ದೆವು, ಅಳುತ್ತಿದ್ದೆವು. ಮೇಡಂ ಗಲ್ಲದ ಮೇಲೆ ಪೇಸ್ಟು ಇಳಿದಿತ್ತು. ಬಾಗಿಲಲ್ಲಿ ನಿಂತು ನಗುವವರೊಬ್ಬರ ಕೊರತೆ ಮಾತ್ರ ಇತ್ತು.

ನಗು ನಿಂತ ಮೇಲೆ ಮೇಲಿನಿಂದ ಕಟ್ ಎಂಬ ಸದ್ದು ಕೇಳಿತು. ಇನ್ನೊಂದು ಕಟ್. ಅವಳು ಸುತ್ತ ಕೈಯಾಡಿಸಿ ಒಂದೊಂದೇ ಕ್ಲಿಪ್ಪು ಹಾಕುತ್ತಿದ್ದಳು.

"ಈಗ್ಯಾಕ ಮುಚ್ಚತಿ? ಕೆಟ್ಟಿದ್ದು ಕೆಟ್ಟು ಹೋತಲ್ಲ, ಇಳಿ ಕೆಳಗ" ಅಂದೆ.

"ಇರು" ಅಂದಳು. ಕೊನೆಯ ಕ್ಲಿಪ್ಪನ್ನು ಅಂಗೈಯಿಂದ ಒತ್ತಿ ಹಾಕಿ, ಮುಚ್ಚಳದ ಮೇಲೆ ಒಮ್ಮೆ ಕೈ ಸವರಿದಳು. "ಮದುವಿ ಆದಾಗಿಂದ ಅವ್ರ ಹಿಂದ ಮುಚ್ಚಳ ಹಾಕ್ಕೋತ ಬಂದೀನಿ. ಇದೊಂದು ಉಳಿದಿತ್ತು."